ಹೇನು ನೋಡುವ ಪಾಳಿ

ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಯಾದಗಿರಿಯ ನಮ್ಮ ಮನೆ ತುಂಬ ಹರಡಿದೆ. ಮಗಳ ತಲೆಯಲ್ಲಿ ಹೇನಾಗಿವೆ. ಮೂಗು ಮುರಿಯಬೇಡಿ, ನಿಮ್ಮ ತಲೆಯಲ್ಲೂ ಒಂದು ಕಾಲಕ್ಕೆ ಇದ್ದವು. ನನ್ನ ಸಿಟ್ಟು ಹೇನಿನ ಮೇಲಲ್ಲ. ಶಾಲೆಯಲ್ಲಿ ನನ್ನ ಮಗಳನ್ನು ಬಿಟ್ಟು, ಪಕ್ಕದಲ್ಲಿ ಕೂರುವ ರೇಣುಕಾಳನ್ನು ಮಾತ್ರ ಕೊನೆಯ ಬೆಂಚಿಗೆ ಒಬ್ಬಳನ್ನೇ ಕಳಿಸಿದ್ದಾರೆ. ಆ ಹುಡುಗಿಯ ಮನೆ ಕೇರಿಯಲ್ಲಿದೆ, ಅಷ್ಟೇ ಕಾರಣ. ಹೇನು ಜಾತಿ ಕೇಳಿ ಹತ್ತುತ್ತದೆಯೇ?

ಹೀಗೆ ಹಾರಾಡುವ ಹಕ್ಕು ನನಗೆಷ್ಟಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ವನದುರ್ಗದಲ್ಲಿ ನಾನು ಬೆಳೆದ ಮನೆಯ ಹೆಂಗಸರು ಮಧ್ಯಾಹ್ನ ಕಟ್ಟೆಯ ಮೇಲೆ ಒಬ್ಬರ ಹಿಂದೊಬ್ಬರು ಕೂತು ಹೇನು ನೋಡುತ್ತಿದ್ದರು. ನೋಡಿಸಿಕೊಂಡವರು ನೋಡಿದವರ ತಲೆ ನೋಡಲೇಬೇಕು, ಅದು ಪಾಳಿ. ಅತ್ತೆ ಸೊಸೆ ಮಾತು ಬಿಟ್ಟಿದ್ದರೂ ಪಾಳಿ ತಪ್ಪುತ್ತಿರಲಿಲ್ಲ. ಸಿದ್ದಮ್ಮ ಮಾತ್ರ ಆ ಕಟ್ಟೆ ಹತ್ತುವಂತಿರಲಿಲ್ಲ. ಕೇರಿಯಿಂದ ಬಂದು, ಕೊಟ್ಟಿಗೆಯಲ್ಲಿ ನಮ್ಮ ಎಮ್ಮೆಗಳ ಹೇನು, ಉಣ್ಣೆ ಕಿತ್ತು ಸೀಮೆಎಣ್ಣೆಯ ಡಬ್ಬಿಗೆ ಹಾಕಿ ಹೋಗುತ್ತಿದ್ದಳು. ಅವಳು ಮುಟ್ಟಿದ ಎಮ್ಮೆಯ ಹಾಲು ನಮಗೆ ನಡೆಯುತ್ತಿತ್ತು, ಅವಳು ನಡೆಯುತ್ತಿರಲಿಲ್ಲ. ಎಂಥ ನಾಚಿಕೆಗೇಡು ನೋಡಿ!

ಒಂದು ಬೇಸಿಗೆಯಲ್ಲಿ ನನ್ನ ತಲೆ ಹುಣ್ಣಾಗುವಷ್ಟು ಹೇನಾದವು. ಕಟ್ಟೆಯವರು ಕೈಚೆಲ್ಲಿದರು. ಬೋಳಿಸಿಬಿಡೋಣ ಎಂದಳು ಅಜ್ಜಿ. ಸೊಂಟದ ತನಕ ಇಳಿದ ಜಡೆ ನನ್ನದು, ನನಗಿದ್ದ ಒಂದೇ ಜಂಬ. ಅಳುತ್ತ ಕೊಟ್ಟಿಗೆಗೆ ಓಡಿದೆ.

“ಯಾಕ ಅಳಾಕತ್ತೀರಿ ಸಣ್ಣವ್ವಾರ? ಬರ್ರಿ, ನಾ ನೋಡ್ತೀನಿ,” ಎಂದಳು ಸಿದ್ದಮ್ಮ.

ಮೂರು ಮಧ್ಯಾಹ್ನ ಕದ್ದು ಅವಳ ಮುಂದೆ ಕೂತೆ. ಒಂದು ಸೀರೂ ಉಳಿಯಲಿಲ್ಲ, ಜಡೆ ಉಳಿಯಿತು. ಮೂರನೆಯ ದಿನ ಅವಳು ಸೆರಗು ಸರಿಸಿ, ನನಗೆ ಬೆನ್ನು ಮಾಡಿ ಕೂತು ನಕ್ಕಳು. “ಈಗ ನನ್ನ ಪಾಳಿರಿ. ಒಂದೀಟು ನೋಡ್ರಿ.”

ಎತ್ತಿದ ಕೈ ಹಾಗೇ ನಿಂತಿತು. ಅಜ್ಜಿ ಅಲ್ಲಿರಲಿಲ್ಲ, ಯಾರೂ ಇರಲಿಲ್ಲ. “ಅಜ್ಜಿ ಕರಿಯಾಕತ್ತಾಳ,” ಎಂದು ಸುಳ್ಳು ಹೇಳಿ ಓಡಿಬಂದೆ. ಅವಳು ಮತ್ತೆಂದೂ ಕೇಳಲಿಲ್ಲ. ಹನ್ನೊಂದು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ ಎಂದು ನೀವು ಸಮಾಧಾನ ಹೇಳಬಹುದು. ತಿಳಿಯುತ್ತಿತ್ತು.

ಇವತ್ತು ಸಂಜೆ ರೇಣುಕಾಳ ತಾಯಿ ಮಗಳ ಕೈ ಹಿಡಿದು ನೇರ ನಮ್ಮ ಬಾಗಿಲಿಗೇ ಬಂದಳು. “ಹೇನು ನಮ್ಮಾಕಿ ತಲ್ಯಾಗ ಅಷ್ಟೇ ಅದಾವೇನ್ರಿ?”

“ಇಲ್ರಿ, ನಮ್ಮಾಕಿ ತಲ್ಯಾಗೂ ಅದಾವ. ನಾಳಿಗಿ ಇಬ್ರೂ ಕೂಡಿ ಸಾಲಿಗಿ ಹೋಗಿ ಕೇಳೂಣು. ಈಗ ಒಳಗ ಬರ್ರಿ.”

ಅವಳ ಮಗಳ ತಲೆ ನಾನು ನೋಡಿದೆ, ನನ್ನ ಮಗಳದು ಅವಳು. ಆಮೇಲೆ, “ನೀವೂ ಕೆರಕೊಳ್ಳಾಕತ್ತೀರಲ್ರಿ ಅಕ್ಕಾರ,” ಎಂದು ನಗುತ್ತ ನನ್ನನ್ನೂ ಕೂರಿಸಿಕೊಂಡಳು. ಮುಗಿದದ್ದೇ ತಿರುಗಿ, ಅವಳು ಬಾಯಿ ಬಿಡುವ ಮೊದಲೇ ಅವಳ ತುರುಬು ಬಿಚ್ಚಿದೆ. ಹುಡುಕಿದರೂ ಏನೂ ಸಿಗಲಿಲ್ಲ.

“ಸಾಕು ಬಿಡ್ರಿ, ಒಂದೂ ಇಲ್ಲ,” ಎಂದಳು.

“ಇರ್ರಿ,” ಎಂದೆ. ಸಿದ್ದಮ್ಮ ಸತ್ತು ಎಷ್ಟೋ ವರ್ಷವಾಗಿದೆ, ಇದು ಅವಳಿಗೆ ಮುಟ್ಟುವುದಿಲ್ಲ. ಗೊತ್ತಿದ್ದೂ ಕೈ ತೆಗೆಯಲು ಮನಸ್ಸಾಗಲಿಲ್ಲ.