ಬುದ್ಧನ ಬಲಗೈ

ನಮ್ಮ ಮನೆಯಲ್ಲೊಂದು ಪುರಾತನ ಕಲಾಕೃತಿ ಇದೆ ಎಂದು ನಾನು ಹೇಳಿದೊಡನೆ ಸವದತ್ತಿಯ ಜನ ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಮೂವತ್ತು ವರ್ಷ ವಕೀಲಿ ಮಾಡಿಯೂ ಕರೀ ಕೋಟು ಬದಲಿಸದವನಿಗೆ ಇದು ಆಗಬೇಕಾದ್ದೇ. ಆದರೆ ನಾನು ಹೇಳುವುದು ನಡುಮನೆಯ ಗೂಡಿನಲ್ಲಿ ಪದ್ಮಾಸನ ಹಾಕಿ ಕುಳಿತಿರುವ ಕಟ್ಟಿಗೆಯ ಬುದ್ಧನ ಮಾತು. ಒಂದು ಕಾಲಕ್ಕೆ ಬರ್ಮಾದ ಯಾವುದೋ ಬೌದ್ಧ ಗುಡಿಯಲ್ಲಿದ್ದವನು. ಸಾಗವಾನಿಯ ಮೈ, ಎರಡಡಿ ಎತ್ತರ, ಅಲ್ಲಲ್ಲಿ ಉಳಿದ ಬಂಗಾರದ ಲೇಪ, ಮುಖದಲ್ಲಿ ವಾಯಿದೆ ಸಿಕ್ಕ ಕಕ್ಷಿದಾರನ ನೆಮ್ಮದಿ.

ತೊಂಬತ್ತರ ದಶಕದ ನಡುವೆ, ಬೆಳಗಾವಿ ಕ್ಯಾಂಪಿನಲ್ಲಿ ತೀರಿಹೋದ ಮಿಲಿಟರಿ ಸಾಹೇಬರೊಬ್ಬರ ಮನೆಯ ಸಾಮಾನು ಲಿಲಾವಿಗೆ ಬಂದಿತ್ತು. ನಾನು ಹೋದದ್ದು ತಿರುಗುವ ಕುರ್ಚಿಗೆ, ತಂದದ್ದು ಬುದ್ಧನನ್ನು. ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಂದೆ. ಕಂಡಕ್ಟರ್ ಅವನಿಗೆ ಅರ್ಧ ಟಿಕೀಟು ಕೇಳಲಿಲ್ಲ ಎಂಬುದೇ ನನ್ನ ಮೊದಲ ಆಧ್ಯಾತ್ಮಿಕ ಅನುಭವ.

ಒಂದೇ ಕೊರತೆ. ಬಲಗೈ ಮಣಿಕಟ್ಟಿನಿಂದ ಕೆಳಗೆ ಇರಲಿಲ್ಲ.

"ಕೈ ಇಲ್ಲದ ದೇವರನ್ನ ಮನ್ಯಾಗ ಇಡಬಾರದ್ರೀ," ಎಂದಳು ನನ್ನ ಹೆಂಡತಿ.

"ಇದು ದೇವರಲ್ಲ, ಕಲಾಕೃತಿ."

"ಹಂಗಾದ್ರ ಚಪ್ಪಲಿ ಬಿಟ್ಟು ಯಾಕ ಒರಸ್ತೀರಿ?"

ಎದುರಿನ ವಕೀಲರು ಇಷ್ಟು ನೇರವಾಗಿ ಪಾಟೀಸವಾಲು ಮಾಡಿದ್ದು ನನಗೆ ನೆನಪಿಲ್ಲ.

ನಮ್ಮ ತಾಲೂಕಿನಲ್ಲಿ ಮುರಿದ ದೇವರುಗಳಿಗೇನೂ ಬರವಿಲ್ಲ. ಹೂಲಿಗೆ ಹೋದರೆ ಚಾಲುಕ್ಯರ ಕಾಲದ ಗುಡಿಗಳಲ್ಲಿ ಮೂಗಿಲ್ಲದವರು, ಮೊಣಕಾಲಿಲ್ಲದವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಅವರು ಕಲ್ಲಿನವರು, ರಾಜರು ಮಾಡಿಸಿದವರು. ಕಟ್ಟಿಗೆಯ ದೇವರ ಸಂಸಾರವೇ ಬೇರೆ. ಊರೂರಿನ ದ್ಯಾಮವ್ವ, ದುರ್ಗವ್ವ ಕಟ್ಟಿಗೆಯವರು. ಬಣ್ಣ ಮಾಸಿದರೆ ಬಡಿಗೇರ ಮತ್ತೆ ಬಣ್ಣ ಹಚ್ಚುತ್ತಾನೆ, ಅವ್ವ ಮತ್ತೆ ಹೊಸಬಳಾಗುತ್ತಾಳೆ. ನಮ್ಮಂಥ ಸಂಗ್ರಾಹಕರದು ಉಲ್ಟಾ ಭಕ್ತಿ. ಬಣ್ಣ ಹೋಗಿರಬೇಕು, ಬಿರುಕು ಬಿಟ್ಟಿರಬೇಕು, ನಾಲ್ಕು ಹುಳ ತಿಂದಿದ್ದರೆ ಇನ್ನೂ ಶ್ರೇಷ್ಠ. ಹುಳಕ್ಕೂ ನೂರು ವರ್ಷ ವಯಸ್ಸಾಗಿದ್ದರೆ ಕೈಮುಗಿದೇಬಿಡುತ್ತೇವೆ.

ಕೊನೆಗೆ ಹೆಂಡತಿಯ ಮಾತೇ ನಡೆಯಿತು. ದ್ಯಾಮವ್ವನ ಮೂರ್ತಿ ಕೆತ್ತುವುದರಲ್ಲಿ ಹೆಸರಾದ ಮುನವಳ್ಳಿಯ ಈರಪ್ಪ ಬಡಿಗೇರನ ಬಳಿಗೆ ಬುದ್ಧನನ್ನು ಒಯ್ದೆ. ಈರಪ್ಪ ಮೂರ್ತಿಯನ್ನು ಸುತ್ತ ತಿರುಗಿಸಿ ನೋಡಿ, ಮೊದಲ ಪ್ರಶ್ನೆ ಹಾಕಿದ.

"ಕೈಯಾಗ ಏನ್ ಹಿಡದಿದ್ದಾನ್ರಿ?"

"ಏನೂ ಇಲ್ಲ. ಬೆರಳು ನೆಲಕ್ಕೆ ಮುಟ್ಟಿಸಿರತಾನ. ನನ್ನ ತಪಸ್ಸಿಗೆ ಭೂಮಿನೇ ಸಾಕ್ಷಿ ಅಂತ."

ಈರಪ್ಪನ ಮುಖ ಸಣ್ಣದಾಯಿತು. ನಲವತ್ತು ವರ್ಷ ಅವನು ಕೆತ್ತಿದ ಕೈಗಳೆಲ್ಲ ಮುಷ್ಟಿಗಳು. ತ್ರಿಶೂಲಕ್ಕೊಂದು ತೂತು, ಕತ್ತಿಗೊಂದು ತೂತು. "ಖಾಲಿ ಕೈ ನಾ ಮಾಡಿಲ್ರಿ ವಕೀಲ್ರ. ಏನರ ಹಿಡಕೊಂಡಿದ್ರ ಕೈ ಸುಳ್ಳು ಹೇಳಿದ್ರೂ ನಡೀತೈತಿ. ಖಾಲಿ ಕೈ ಸಿಕ್ಕಿ ಬೀಳತೈತಿ," ಎಂದ. ಆದರೂ ಇಟ್ಟುಹೋಗಿರಿ ಎಂದ.

ತಿಂಗಳ ನಂತರ ಹೋಗಿ ನೋಡಿದರೆ ಕೈ ಬಂದಿತ್ತು. ಹಳೆಯ ಮನೆಯೊಂದರ ಸಾಗವಾನಿ ಚೌಕಟ್ಟಿನ ತುಂಡು. ಬೆರಳಿನ ಅಳತೆ ಮಡಿಲಲ್ಲಿದ್ದ ಎಡಗೈಯದು. ಎಣ್ಣೆ, ದೀಪದ ಕಪ್ಪು ತಿಕ್ಕಿ ಬಣ್ಣ ಕೂಡಿಸಿದ್ದ. ಕೂಡಿಸಿದ ಗೆರೆ ನನಗೇ ಕಾಣಲಿಲ್ಲ. ಅದೆಲ್ಲ ಕಸುಬು. ಆದರೆ ಆ ಬೆರಳುಗಳಲ್ಲಿ ಇದ್ದದ್ದು ಎಲ್ಲಿಂದ ಬಂತು?

"ನಮ್ಮಾಕಿ ಗಂಗವ್ವಗ ಮೊಣಕಾಲ ಬ್ಯಾನಿ ಐತ್ರಿ," ಎಂದ ಈರಪ್ಪ. "ಏಳಬೇಕಾದ್ರ ನೆಲಕ್ಕ ಕೈ ಊರತಾಳ. ಊರೂಕಿಂತ ಮೊದಲ ಬೆರಳ ತುದಿಯಿಂದ ನೆಲಾನ ಕೇಳತಾಳ, ತಡೀತಿ ಏನವ್ವಾ ಅಂತ. ಅದನ್ನ ನೋಡ್ಕೋತ ಕುಂತೆ."

ಒಳಗಿನಿಂದ ಗಂಗವ್ವನ ದನಿ ಬಂತು. "ಹದಿನೈದು ದಿನ ಬರೇ ಚಾ ಕುಡದಾರ್ರೀ ಇವರು! ನನ್ನ ಎಬ್ಬಸಾಕ!"

ಇದಾಗಿ ಕೆಲವು ವರ್ಷಗಳಿಗೆ, ಹೊಸ ಶತಮಾನದ ಮೊದಮೊದಲಲ್ಲಿ, ಮೈಸೂರಿನ ಕಡೆಯ ಪಂಡಿತರೊಬ್ಬರಿಂದ ಪತ್ರ ಬಂತು. ಖಾಸಗಿ ಮನೆಗಳಲ್ಲಿರುವ ಕಟ್ಟಿಗೆಯ ಬೌದ್ಧ ಮೂರ್ತಿಗಳ ಮೇಲೆ ದೊಡ್ಡ ಪುಸ್ತಕ ಮಾಡುತ್ತಿದ್ದರು. ಮೂರ್ತಿ ಒಪ್ಪಿಗೆಯಾದರೆ ಇಡೀ ಪುಟದ ಚಿತ್ರ, ಕೆಳಗೆ ಸಂಗ್ರಾಹಕನ ಹೆಸರು. ಒಂದೇ ಷರತ್ತು: ಆಮೇಲಿನವರು ಯಾರೂ ಅದಕ್ಕೆ ಕೈ ಹಚ್ಚಿರಬಾರದು. ಷರತ್ತನ್ನು ನಾನು ಓದಿದೆ. ಆದರೆ ಅಚ್ಚಿನಲ್ಲಿ ನನ್ನ ಹೆಸರು ಹೇಗೆ ಕಾಣುತ್ತದೆ ಎಂಬುದನ್ನು ಹೆಚ್ಚು ಗಮನವಿಟ್ಟು ಓದಿದೆ. ಕೋರ್ಟಿನ ಕಾಗದದ ಹೊರಗೆ ನನ್ನ ಹೆಸರು ಅಚ್ಚಾಗಿದ್ದು ಲಗ್ನಪತ್ರಿಕೆಯಲ್ಲಿ ಮಾತ್ರ.

ಪಂಡಿತರು ಬಂದರು, ಭೂತಗನ್ನಡಿ ಹಿಡಿದು ಬುದ್ಧನ ಮುಂದೆ ಕುಳಿತರು. ಮುಖಕ್ಕೆ ತಲೆದೂಗಿದರು. ಬಂಗಾರದ ಲೇಪಕ್ಕೆ "ಹೂಂ" ಅಂದರು. ಬಲಗೈಗೆ ಬಂದವರು ಅಲ್ಲೇ ನಿಂತುಬಿಟ್ಟರು.

"ನೋಡಿ ಸಾರ್, ಮಿಕ್ಕಿದ್ದೆಲ್ಲ ಒಳ್ಳೆ ಕೆಲಸ. ಈ ಕೈ ಮಾತ್ರ ದೊಡ್ಡ ಕೆಲಸ. ನೆಲಾನ ಮುಟ್ತಾ ಇಲ್ಲ ಇದು, ಕೇಳ್ತಾ ಇದೆ. ಇದನ್ನ ಕೆತ್ತಿದವನು ವರ್ಷಗಟ್ಟಲೆ ಧ್ಯಾನ ಮಾಡಿರಬೇಕು."

ಹದಿನೈದು ದಿನ ಚಹಾ ಕುಡಿದಿದ್ದ ಎಂದು ನಾನು ಮನಸ್ಸಿನಲ್ಲೇ ತಿದ್ದಿದೆ. ಕೇಳದ ಪ್ರಶ್ನೆಗೆ ಉತ್ತರ ಕೊಡಬೇಡಿ ಎಂದು ಎಷ್ಟೋ ಕಕ್ಷಿದಾರರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಪಂಡಿತರು ಏನನ್ನೂ ಕೇಳಿರಲಿಲ್ಲ. ಸುಮ್ಮನಿದ್ದರೆ ಇಡೀ ಪುಟ ನನ್ನದು. ಸುಮ್ಮನಿರಲು ನಾನು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ. ಆದರೆ ಅವರು ಟಿಪ್ಪಣಿ ಪುಸ್ತಕ ತೆಗೆದು "ಅಜ್ಞಾತ ಬರ್ಮಾ ಶಿಲ್ಪಿ" ಎಂದು ಬರೆಯತೊಡಗಿದಾಗ ನನ್ನೊಳಗಿನ ಸವದತ್ತಿ ತಾಲೂಕು ತಡೆಯಲಿಲ್ಲ.

"ಅಜ್ಞಾತ ಅಲ್ರೀ! ಈರಪ್ಪ ಬಡಿಗೇರ. ಇಲ್ಲೇ ಮುನವಳ್ಳಿಯಾಂವ. ಆ ಕೈ ಅವನ ಹೇಣತಿ ಗಂಗವ್ವಂದು!"

ಇಷ್ಟು ದೊಡ್ಡ ದನಿಯಲ್ಲಿ ನಾನು ಕೋರ್ಟಿನಲ್ಲಿ ವಾದಿಸಿದ್ದರೆ ಎರಡು ದಾವೆಯಾದರೂ ಹೆಚ್ಚಿಗೆ ಗೆಲ್ಲುತ್ತಿದ್ದೆನೇನೋ. ಪಂಡಿತರು ನನ್ನನ್ನು ನೋಡಿದರು, ಕೈಯನ್ನು ನೋಡಿದರು, ಬರೆದ ಸಾಲಿನ ಮೇಲೆ ನಿಧಾನವಾಗಿ ಗೆರೆ ಎಳೆದರು. "ಪುಸ್ತಕಕ್ಕೆ ಆಗಲ್ಲ ಸಾರ್," ಎಂದರು ಬೇಸರದಿಂದ. ಆದರೆ ಹೊರಡುವ ಮುನ್ನ ಭೂತಗನ್ನಡಿ ಬಿಟ್ಟು, ಬರಿಗಣ್ಣಿನಿಂದ ಇನ್ನೊಮ್ಮೆ ಆ ಕೈಯನ್ನೇ ನೋಡಿ ಹೋದರು.

ಮರುದಿನ ಮುನವಳ್ಳಿಗೆ ಹೋಗಿ ವಿಷಯವೆಲ್ಲ ವರದಿ ಮಾಡಿದೆ. ಗಂಗವ್ವ ತನ್ನ ಬಲಗೈಯನ್ನು ಎರಡು ಸಲ ಹೊರಳಿಸಿ ನೋಡಿಕೊಂಡು, ಚಹಾಕ್ಕೆ ಎದ್ದಳು. ಈರಪ್ಪ ಉಳಿಯ ಅಂಚನ್ನು ಪರೀಕ್ಷಿಸುತ್ತ ಹೇಳಿದ:

"ಪುಸ್ತಕ ಹೋದ್ರ ಹೋಗ್ಲಿ ಬಿಡ್ರಿ. ಎಡಗೈ ಮುರದ್ರ ತಗೊಂಡ್ ಬರ್ರಿ. ಈಗ ನನಗ ಖಾಲಿ ಕೈ ತಿಳದೈತಿ."

ಅಂದಿನಿಂದ ಧೂಳು ಒರೆಸುವಾಗ ಎಡಗೈಯ ಹತ್ತಿರ ಬಂದರೆ ನಾನು ಬೇಕೆಂದೇ ಸ್ವಲ್ಪ ಅಜಾಗರೂಕನಾಗುತ್ತೇನೆ. ಆದರೆ ಏನು ಮಾಡುವುದು, ಬರ್ಮಾದವರ ಕೆಲಸ; ಹಾಳಾದ್ದು, ಬಹಳ ಗಟ್ಟಿ.