ದೊಡ್ಡಪ್ಪ ಬಿಚ್ಚಿದ ತಂಬಾಕಿನ ಬೇಲು

ಅಣ್ಣನಿಗೆ ತಂಬಾಕು ತಂದುಕೊಟ್ಟ ದೊಡ್ಡಪ್ಪ ಶುದ್ಧ ದಡ್ಡ ಎಂದು ಮನೆಯವರು ಈಗಲೂ ನಗುತ್ತಾರೆ. ನಾನು ಒಪ್ಪುವುದಿಲ್ಲ.

ಹಾಸನದ ಕಾಲೇಜಿನಲ್ಲಿ ಅಣ್ಣ ಉತ್ತೇಜಕ ಮಾತ್ರೆಗಳ ಚಟಕ್ಕೆ ಬಿದ್ದಿದ್ದ. ಅದನ್ನು ಬಿಟ್ಟು ರಾಮನಾಥಪುರದ ಮನೆಗೆ ಮರಳಿದಾಗ ಅವನ ನೆನಪು ಜಾಳುಜಾಳಾಗಿತ್ತು. ಮಿದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಜಾಗಗಳನ್ನು ಒಂದು ಔಷಧಿಯಿಂದ ಮುಚ್ಚಿದರೆ ಅಂಥ ಮಾತ್ರೆಗಳ ಹಾನಿ ಇಲಿಗಳಲ್ಲಿ ಕಡಿಮೆಯಾಯಿತಂತೆ ಎಂದು ಊಟಕ್ಕೆ ಕೂತಾಗ ನಾನು ಓದಿ ಹೇಳಿದೆ. ತಂಬಾಕು ಬೆಳೆಯುವ ದೊಡ್ಡಪ್ಪನ ಕಿವಿಗೆ ಬಿದ್ದದ್ದು ನಿಕೋಟಿನ್ ಒಂದೇ. ಹರಾಜಿಗೆಂದು ಎಲೆ ಒತ್ತಿ ಕಟ್ಟಿಟ್ಟಿದ್ದ ಬೇಲು ಬಿಚ್ಚಿ, ಹೊಂಬಣ್ಣದ ಎಲೆಗಳನ್ನೇ ಆರಿಸಿ ತಂದರು.

“ತಗಳ್ಲಾ ಮಗಾ, ಮದ್ದು ನಮ್ಮನೇಲೇ ಐತೆ!”

“ದೊಡ್ಡಪ್ಪಾ, ನಿಕೋಟಿನ್ ಅಲ್ಲಿ ಕೂರದಂಗೆ ತಡೆಯೋದು ಆ ಔಷಧಿ. ನೀವು ಕಳ್ಳನನ್ನೇ ಕಾವಲಿಗೆ ಇಡ್ತಿದ್ದೀರ!” ಎಂದೆ.

“ನಿನ್ ಕುಟೆ ವಾದ ಮಾಡಿ ಗೆದ್ದೋರ್ ಯಾರವ್ವಾ!” ಎಂದು ನಗುತ್ತಾ ಎಲೆ ಎತ್ತಿಕೊಂಡರು. ಬೆಳೆಯ ಒಳ್ಳೇ ಎಲೆಯನ್ನೇ ಹುಡುಗನಿಗೆಂದು ತೆಗೆದವರನ್ನು ದಡ್ಡ ಎನ್ನಲು ನನಗಂತೂ ಬಾಯಿ ಬರದು.

ಅಣ್ಣ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿದ.

“ಪುಟ್ಟಿ, ಆ ಇಲಿಗಳಿಗೆ ಔಷಧಿ ಕೊಟ್ಟಿದ್ದು ಯಾವಾಗ? ಹಾನಿ ಆಗೋಕ್ ಮೊದ್ಲಾ, ಇಲ್ಲ ನನ್ ತರ ಎಲ್ಲಾ ಆದ್ಮೇಲಾ?”