ಗ್ಲೆನಿಸಳ ಗೇಟಿನ ಮೊಟ್ಟೆಪೆಟ್ಟಿಗೆ

ಟ್ಯಾಸ್ಮೇನಿಯದ ಆ ಸಣ್ಣ ಊರಿನ ಶಾಲೆಯಲ್ಲಿ ಗ್ಲೆನಿಸ್ ಟ್ರೆಗಿಯರ್ ಮೂವತ್ತು ವರ್ಷ ಗ್ರಂಥಪಾಲಕಿಯಾಗಿದ್ದಳು. ಮಕ್ಕಳ ಬಾಯಿ ಮುಚ್ಚಿಸಿ ಸಾಕಾಗಿತ್ತೋ ಏನೋ, ನಿವೃತ್ತಿಯಾದದ್ದೇ ತಡ, ತನ್ನ ಬಾಯಿ ಬಿಚ್ಚಿದಳು. ಕುರಿಯ ಉಣ್ಣೆ ಕತ್ತರಿಸುವ ಡೆಸ್ಮಂಡ್ ಮತ್ತು ಸೇಬುತೋಟದ ವಿಧವೆಯ ಪ್ರಣಯವನ್ನು ಆರು ಭಾಗಗಳಲ್ಲಿ ಬರೆದು, ಸುಳ್ಳು ಹೆಸರಿನಲ್ಲಿ ತನ್ನದೇ ಜಾಲತಾಣದಲ್ಲಿ ಮಾರಿದಳು. ಅದರಲ್ಲಿ ಅಂಗಿ ಕಳಚುವುದಕ್ಕೆ ಎರಡು ಪುಟ, ಉಳಿದದ್ದಕ್ಕೆ ಒಂಬತ್ತು.

ಒಂದು ಸೋಮವಾರ, ಓದುಗರ ಕಾರ್ಡಿನಿಂದ ದುಡ್ಡು ದಾಟಿಸುತ್ತಿದ್ದ ಕಂಪನಿ ಅವಳ ಖಾತೆ ಮುಚ್ಚಿತು. ಕಾರಣ, ಅವಳು ಮಾರುವುದು ವಯಸ್ಕರ ಸಾಮಗ್ರಿಯಂತೆ.

“ವಯಸ್ಕರು ಓದದೆ ಕುರಿಮರಿ ಓದ್ತಾವಾ?” ಎಂದು ಅವಳು ವಕೀಲೆ ಮೊಯ್ರಾಳ ಎದುರು ಕೂಗಾಡಿದಳು.

“ಬರೆಯೋದು, ಮಾರೋದು ಎರಡೂ ಕಾನೂನು ಪ್ರಕಾರ ಸರಿ, ಗ್ಲೆನಿಸ್. ಆದ್ರೆ ಆ ಕಂಪನಿ ನಿಮ್ಮ ದುಡ್ಡು ದಾಟಿಸಲೇಬೇಕು ಅನ್ನೋ ಕಾನೂನು ನನಗೆಲ್ಲೂ ಸಿಗ್ತಿಲ್ಲ.”

“ಅಂದ್ರೆ ಹಕ್ಕು ನನ್ನದು, ಬೀಗದಕೈ ಅವರದು! ಚೆನ್ನಾಗಿದೆ.”

ಅರ್ಧ ಬರೆದ ಏಳನೇ ಭಾಗ ಅಲ್ಲೇ ನಿಂತಿತು. ಓದುವವರೇ ಇಲ್ಲದ ಮೇಲೆ ಯಾರಿಗೆ ಬರೆಯಲಿ ಎಂದು ಅವಳಿಗೆ ನಿಜವಾಗಿಯೂ ಅಳು ಬಂತು. ಅತ್ತು ಮುಗಿಸಿ ಕಿಟಕಿಯಾಚೆ ನೋಡಿದರೆ ಗೇಟಿನ ಪಕ್ಕ ಮೊಟ್ಟೆಪೆಟ್ಟಿಗೆ. ಆ ಕಡೆ ಪ್ರತಿ ಗೇಟಿನಲ್ಲೂ ಇರುವಂಥದ್ದೇ: ಕಾಯುವವರಿಲ್ಲ, ಡಬ್ಬಿಗೆ ಕಾಸು ಹಾಕಿ ಬೇಕಾದದ್ದು ಒಯ್ಯಬೇಕು. ಮರ್ಯಾದೆ ಹೋದರೆ ಹೋಗಲಿ ಎಂದು ಆರೂ ಭಾಗಗಳನ್ನು ಅಚ್ಚು ಹಾಕಿಸಿ ಮೊಟ್ಟೆಗಳ ಪಕ್ಕದಲ್ಲೇ ಜೋಡಿಸಿದಳು.

ಮೊದಲು ಬಂದವನು ಮರ ಕೊಯ್ಯುವ ಟ್ರೆವರ್. ಶಾಲೆ ಬಿಟ್ಟು ಎಷ್ಟೋ ವರ್ಷವಾದರೂ ‘ಮಿಸ್’ ಅನ್ನುವುದನ್ನು ಬಿಟ್ಟಿರಲಿಲ್ಲ.

“ಏನ್ ಮಿಸ್, ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ? ಥೂ! ನನಗೆ ಬರೀ ಮೊಟ್ಟೆ ಸಾಕಪ್ಪಾ.”

ಆಮೇಲೆ ಊರಿಗೆ ಊರೇ ಮೊಟ್ಟೆಯ ಚಪಲ ಹತ್ತಿಸಿಕೊಂಡಿತು. ಕಾರುಗಳು ಸಾಲುಗಟ್ಟಿದವು. ಮೊಟ್ಟೆ ಮಾತ್ರ ಇದ್ದ ಹಾಗೇ ಇರುತ್ತಿತ್ತು.

ಹತ್ತನೇ ದಿನ ಪೆಟ್ಟಿಗೆಯಲ್ಲೊಂದು ಚೀಟಿ: “ಡೆಸ್ಮಂಡ್ ಅವಳ ಕೈ ಬಿಡ್ತಾನಾ? ನಿದ್ದೆ ಬರ್ತಿಲ್ಲ. ನಾನ್ಯಾರು ಅಂತ ಕೇಳಬೇಡಿ.”

ಕೇಳುವ ಅಗತ್ಯವೇ ಇರಲಿಲ್ಲ. ಮೂವತ್ತು ವರ್ಷ ಗ್ರಂಥಾಲಯದ ಚೀಟಿಗಳಲ್ಲಿ ಊರಿನ ಅರ್ಧ ಜನರ ಕೈಬರಹ ನೋಡಿದ್ದವಳು ಅವಳು. ಎಡಕ್ಕೆ ವಾಲಿದ ಆ ಅಕ್ಷರಗಳ ಕೆಳಗೇ ಉತ್ತರ ಗೀಚಿ ಪೆಟ್ಟಿಗೆಗೆ ಅಂಟಿಸಿದಳು: “ಬರೀತೀನಿ ಟ್ರೆವರ್. ಮೊದಲು ಎಂಬತ್ತೊಂಬತ್ತನೇ ಇಸವಿಯಲ್ಲಿ ಒಯ್ದ ಕುದುರೆ ಪುಸ್ತಕ ವಾಪಸ್ ತಂದಿಡು.”

ಮರುದಿನ ಬೆಳಿಗ್ಗೆ ಮೊಟ್ಟೆಗಳ ನಡುವೆ ಕುದುರೆ ಪುಸ್ತಕವಿತ್ತು. ಗ್ಲೆನಿಸ್ ಅದನ್ನು ಎದೆಗವಚಿಕೊಂಡು ಒಳಗೆ ಬಂದು, ಮೇಜಿನ ಮುಂದೆ ಕೂತು, ಡೆಸ್ಮಂಡನ ಅಂಗಿಯ ಮೊದಲ ಗುಂಡಿ ಬಿಚ್ಚಿದಳು.